ಐವತ್ತು ಅಡಿಗಳೊಳಗೆ

ಅಗೇಟ್ ಕ್ರೀಕ್, ಮಿಶಿಗನ್
ಅಕ್ಟೋಬರ್ 14, 1986

ಎಡ್ನಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ನಿನಗೆ ಯಾರೆಂದು ಗೊತ್ತಾಗಿರುತ್ತದೆ. ಒಡೆಯದೆ ಒಲೆಗೆ ಹಾಕಿದರೂ ಸರಿಯೇ. ಹನ್ನೊಂದು ವರ್ಷ ಮಾತಿಲ್ಲದೆ ಕಳೆದವರು ನಾವು. ನೀನು ಇದೊಂದು ಕಾಗದ ಓದದಿದ್ದರೆ ಆಕಾಶ ಕಳಚಿ ಬೀಳುವುದಿಲ್ಲ.

ನೀನು ಎಸ್ಕನಾಬದಲ್ಲಿ ತಂಗಿಯ ಮನೆಯಲ್ಲಿದ್ದೀಯ ಎಂದು ಚರ್ಚಿನವರು ಹೇಳಿದರು. ನಾನು ಅದೇ ಮನೆಯಲ್ಲಿದ್ದೇನೆ. ಆಗಸ್ಟಿನಿಂದ ಹೊರಗೆ ಕಾಲಿಟ್ಟಿಲ್ಲ. ಶ್ವಾಸಕೋಶ ಎರಡೂ ಕೈಕೊಟ್ಟಿವೆ. ಮಲಗುವ ಕೋಣೆಯಲ್ಲಿ ಒಂದು ಯಂತ್ರ ಬಿಡುವಿಲ್ಲದೆ ಗುರುಗುಟ್ಟುತ್ತ ಆಮ್ಲಜನಕ ಸೋಸಿ ಕೊಡುತ್ತದೆ. ಅಲ್ಲಿಂದ ಹೊರಟ ಪ್ಲಾಸ್ಟಿಕ್ ನಳಿಗೆ ನನ್ನ ಮೂಗಿನಲ್ಲಿ ಬಂದು ಮುಗಿಯುತ್ತದೆ. ಉದ್ದ ಐವತ್ತು ಅಡಿ. ಅಡುಗೆಮನೆಯ ಸಿಂಕಿಗೆ ಸಾಕು, ಬಚ್ಚಲಿಗೆ ಸಾಕು, ಮುಂಬಾಗಿಲ ಹತ್ತಿರ ಬಿಗಿಯುತ್ತದೆ. ಹಿತ್ತಲಿನ ಸೌನಾ ಸ್ನಾನದ ಮನೆ ಇಲ್ಲಿಂದ ಮೂವತ್ತು ಹೆಜ್ಜೆ. ನನ್ನ ಪಾಲಿಗೆ ಅದೀಗ ಬೇರೆ ದೇಶ. ದಿನಕ್ಕೆ ಅರವತ್ತೆಂಟು ಮೈಲಿ ಕಾರು ಓಡಿಸಿ ಇನ್ನೂರ ಹದಿಮೂರು ಮನೆಗಳಿಗೆ ಟಪಾಲು ಹಾಕುತ್ತಿದ್ದ ಹೆಲ್ಮಿ ರೌಟಿಯೊ ಈಗ ಟೋಸ್ಟ್ ಮಾಡಿಕೊಂಡು ಬಂದು ಕುರ್ಚಿಯಲ್ಲಿ ಹತ್ತು ನಿಮಿಷ ಸುಧಾರಿಸಿಕೊಳ್ಳುತ್ತಾಳೆ. ಫೋನಿನಲ್ಲಿ ನಾಲ್ಕು ಮಾತಾಡುವಷ್ಟರಲ್ಲಿ ಉಸಿರು ಮುಗಿಯುತ್ತದೆ. ಬರೆಯುವುದಕ್ಕೆ ಉಸಿರು ಬೇಡ.

ಕನಿಕರಕ್ಕಾಗಿ ಬರೆಯುತ್ತಿಲ್ಲ. ಒಂದು ವಿಷಯ ಕೇಳಬೇಕು.

ಹಗಲೆಲ್ಲ ಮುಂದಿನ ಕೋಣೆಯ ಕಿಟಕಿಯ ಹತ್ತಿರ ಕೂತಿರುತ್ತೇನೆ. ನನ್ನ ದಾರಿಯಲ್ಲಿ ಈಗ ಟಪಾಲು ಹಂಚುವವನು ಹನ್ನೊಂದೂ ಕಾಲಿಗೆ ಬರುತ್ತಾನೆ. ಪರದೆಯ ಹಿಂದೆ ಕೂತವರಿಗೆ ಅವನ ಮುಖ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಈಗ ಗೊತ್ತಾಯಿತು. ಕ್ಷೌರ ಮಾಡಿಕೊಂಡಿದ್ದಾನೋ ಇಲ್ಲವೋ ಕಾಣುತ್ತದೆ. ಅವನಿಗೆ ಮಾತ್ರ ನಾನು ಕಾಣುವುದಿಲ್ಲ.

ಕಾರೀನಾ ಮನೆ ಬಿಟ್ಟು ಹೋಗಿ ನಿನ್ನ ಮನೆಯಲ್ಲಿ ಅಡಗಿದ್ದ ಇಪ್ಪತ್ತೆರಡು ದಿನಗಳಲ್ಲಿ, ಭಾನುವಾರ ಬಿಟ್ಟರೆ, ದಿನವೂ ನಾನು ನಿನ್ನ ಡಬ್ಬಿಗೆ ಟಪಾಲು ಹಾಕಿದೆ. ಅವಳು ನಿನ್ನಲ್ಲಿದ್ದಳೆಂದು ನನಗೆ ತಿಳಿದದ್ದು ಅವಳು ಊರು ಬಿಟ್ಟ ಮೇಲೆ, ನಮ್ಮ ಮಾತು ನಿಂತದ್ದೂ ಆಗಲೇ. ಊರೆಲ್ಲ ಮಗಳನ್ನು ಹುಡುಕುತ್ತಿದ್ದೆ. ಹದಿನೇಳರ ಹುಡುಗಿ, ಕೆರೆಯನ್ನೂ ಗಣಿಯ ಗುಂಡಿಗಳನ್ನೂ ಹುಡುಕಿಸಿದ್ದೆ. ನನ್ನ ಕಾರು ಬಂದು ನಿಂತಾಗ ಅವಳು ಏನು ಮಾಡುತ್ತಿದ್ದಳು?

ಅಷ್ಟು ಹೇಳು. ಬೇರೇನೂ ಬೇಡ.

ಹೆಲ್ಮಿ


ಎಸ್ಕನಾಬ
ಅಕ್ಟೋಬರ್ 27, 1986

ಪ್ರೀತಿಯ ಹೆಲ್ಮಿ,

ನಿನ್ನ ಕಾಗದವನ್ನು ಒಲೆಗೆ ಹಾಕುವುದೇ? ಮೂರು ಸಲ ಓದಿದೆ. ನಿನಗೆ ಉಸಿರು ಸಾಲದು ಎಂಬುದನ್ನು ನಂಬಲು ಆಗುತ್ತಿಲ್ಲ. ಚರ್ಚಿನ ಹಾಡಿನ ಗುಂಪಿನಲ್ಲಿ ನಾವೆಲ್ಲ ನಡುವೆ ಉಸಿರು ಕದಿಯುತ್ತಿದ್ದರೆ ನೀನೊಬ್ಬಳು ಸಾಲು ಮುಗಿಯುವವರೆಗೂ ಎಳೆಯುತ್ತಿದ್ದವಳು.

ನಾನು ಚೆನ್ನಾಗಿದ್ದೇನೆ. ಮಂಡಿ ನೋವು. ತಂಗಿ ನನ್ನ ಅಡುಗೆಗೆಲ್ಲ ಉಪ್ಪು ಹೆಚ್ಚು ಎನ್ನುತ್ತಾಳೆ. ಹೋದ ವಾರ ಪ್ಯಾಸ್ಟಿ ಕಡುಬು ಬೇಯಿಸಿದೆ, ನಮ್ಮ ಕಾರ್ನಿಶ್ ಜನ ಮಾಡುವ ಹಾಗೆ, ಮಾಂಸ, ಆಲೂಗಡ್ಡೆ, ಈರುಳ್ಳಿ, ಟರ್ನಿಪ್. ನಿಮ್ಮ ಫಿನ್ನಿಶ್ ಜನರ ಹಾಗೆ ಕ್ಯಾರೆಟ್ ತುರುಕಿ ಕೆಡಿಸಲಿಲ್ಲ. ನಿನಗೆ ನಗು ಬರಲೆಂದು ಬರೆದೆ.

ಕಾರೀನಾ ಹೆಚ್ಚಾಗಿ ಹಿಂದಿನ ಕೋಣೆಯಲ್ಲಿರುತ್ತಿದ್ದಳು. ಪಾತ್ರೆ ತೊಳೆದುಕೊಡುತ್ತಿದ್ದಳು. ಒಂದು ಕಾಲುಚೀಲ ಹೆಣೆಯಲು ಶುರು ಮಾಡಿ ಅರ್ಧಕ್ಕೆ ಬಿಟ್ಟಳು. ನಿದ್ದೆ ಚೆನ್ನಾಗಿ ಮಾಡುತ್ತಿದ್ದಳು, ಅದೊಂದು ನಿನಗೆ ಸಮಾಧಾನ ಕೊಡಬಹುದು.

ಡಾಕ್ಟರು ಏನು ಹೇಳುತ್ತಾರೆ? ನಿನ್ನನ್ನು ನೋಡಿಕೊಳ್ಳಲು ಯಾರಿದ್ದಾರೆ?

ನಿನ್ನ
ಎಡ್ನಾ


ಅಗೇಟ್ ಕ್ರೀಕ್
ನವೆಂಬರ್ 9, 1986

ಎಡ್ನಾ,

ನನ್ನನ್ನು ನೋಡಿಕೊಳ್ಳುವವಳು ಬರ್ನೀಸ್. ಸೋಮವಾರ, ಬುಧವಾರ, ಶುಕ್ರವಾರ ಕೌಂಟಿಯವರು ಕಳಿಸುತ್ತಾರೆ. ಸ್ನಾನ ಮಾಡಿಸುತ್ತಾಳೆ, ಸೂಪು ಮಾಡಿಟ್ಟು ಹೋಗುತ್ತಾಳೆ, ನಡುವೆ ಬಾಯಿ ಮುಚ್ಚುವುದಿಲ್ಲ. ನಿನ್ನ ಕಾಗದ ಡಬ್ಬಿಯಿಂದ ತಂದುಕೊಟ್ಟವಳೂ ಅವಳೇ. ನಾನು ಓದಿ ಮುಗಿಸುವವರೆಗೆ ಎದುರಿಗೇ ನಿಂತಿದ್ದಳು.

"ಯಾರ್ರೀ ಇದು ಎಡ್ನಾ? ನಮ್ ಯಜಮಾನ್ರು ಮದ್ವೆಗ್ ಮುಂಚೆನೂ ಇಷ್ಟುದ್ದ ಬರ್ದಿರ್ಲಿಲ್ಲ."

"ಗೆಳತಿ."

"ಗೆಳತಿ ಕಾಗ್ದ ಓದಿ ಯಾರಾದ್ರೂ ಮುಖ ಹಿಂಗ್ ಗಂಟ್ ಹಾಕ್ಕೋತಾರಾ?"

"ಕೇಳಿದ್ದೊಂದು, ಬರ್ದಿದ್ದೊಂದು."

"ಹಂಗಾದ್ರೆ ಇನ್ನೊಂದ್ಸಲ ಕೇಳಿ. ನಿಮ್ಗೇನ್ ಬಸ್ ತಪ್ಪೋಗುತ್ತಾ?"

ನಿಜ, ನನಗೆ ತಪ್ಪಿಹೋಗುವ ಬಸ್ಸು ಯಾವುದೂ ಇಲ್ಲ. ಮಂಗಳವಾರವಿಡೀ ಯಾರ ಧ್ವನಿಯೂ ಇಲ್ಲ. ಗುರುವಾರ ಇಲ್ಲ. ಶನಿವಾರ, ಭಾನುವಾರ ಇಲ್ಲ. ಮೊನ್ನೆ ಹಿಮಕ್ಕೆ ಕರೆಂಟು ಹೋಗಿ ಯಂತ್ರ ನಿಂತಾಗ, ಆಪತ್ತಿಗೆಂದು ಇಟ್ಟ ಆಮ್ಲಜನಕದ ಸಿಲಿಂಡರಿನ ತಿರುಪು ತಿರುಗಿಸುತ್ತ ಜೋರಾಗಿ ಎಣಿಸಿದೆ, ಒಂದು, ಎರಡು, ಮೂರು ಎಂದು, ಮನೆಯಲ್ಲಿ ಒಂದು ದನಿ ಇರಲಿ ಎಂದು.

ಕಾಲುಚೀಲದ ವಿಷಯ ನಾನು ಕೇಳಲಿಲ್ಲ. ನನ್ನ ಕಾರು ನಿನ್ನ ಡಬ್ಬಿಯ ಮುಂದೆ ನಿಲ್ಲುತ್ತಿದ್ದ ಹನ್ನೊಂದೂ ಕಾಲಿಗೆ ಅವಳು ಎಲ್ಲಿದ್ದಳು?

ಹೆಲ್ಮಿ


ಎಸ್ಕನಾಬ
ನವೆಂಬರ್ 24, 1986

ಹೆಲ್ಮಿ,

ಅಡುಗೆಮನೆಯ ಕಿಟಕಿಯಲ್ಲಿದ್ದಳು. ದಿನವೂ ಹನ್ನೊಂದಕ್ಕೇ ಬಂದು ನಿಲ್ಲುತ್ತಿದ್ದಳು. ನಿನ್ನ ಕಾರು ತಿರುವಿನಲ್ಲಿ ಕಂಡ ಕೂಡಲೇ ಪರದೆಯ ಅಂಚು ಹಿಡಿದುಕೊಳ್ಳುತ್ತಿದ್ದಳು. ನೀನು ಹೋದ ಮೇಲೂ ಬಹಳ ಹೊತ್ತು ಬಿಡುತ್ತಿರಲಿಲ್ಲ. "ಅಮ್ಮ ಇವತ್ತು ನೀಲಿ ಸ್ಕಾರ್ಫ್ ಕಟ್ಟಿದ್ಲು." "ಅಮ್ಮಂಗೆ ಕೆಮ್ಮು ಶುರುವಾಗಿದೆ." ಇಷ್ಟೇ ಹೇಳುತ್ತಿದ್ದಳು.

ಇಷ್ಟಕ್ಕೆ ನಿಲ್ಲಿಸಿ ಲಕೋಟೆ ಅಂಟಿಸಿದ್ದೆ. ಮತ್ತೆ ಒಡೆದೆ. ಉಳಿದದ್ದನ್ನೂ ಹೇಳುತ್ತೇನೆ. ಹೇಳಿದ ಮೇಲೆ ನೀನು ನನಗೆ ಬರೆಯುವುದಿಲ್ಲ ಎಂದು ಗೊತ್ತು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ಅವಳು ನಿನಗೊಂದು ಚೀಟಿ ಬರೆದಳು. ಲಕೋಟೆಯ ಮೇಲೆ "ಅಮ್ಮ" ಎಂದು ಬರೆದು, ನಮ್ಮ ಡಬ್ಬಿಯಲ್ಲಿಟ್ಟು, ನೀನು ತೆಗೆದುಕೊಂಡು ಹೋಗಲೆಂದು ಡಬ್ಬಿಯ ಕೆಂಪು ಬಾವುಟ ಎತ್ತಿಟ್ಟು ಬಂದಳು. ಆಮೇಲೆ ಸ್ನಾನಕ್ಕೆ ಹೋದಳು. ನಾನು ಹೋಗಿ ಅದನ್ನು ತೆಗೆದುಕೊಂಡೆ. ಬಾವುಟ ಎದ್ದಿದ್ದೂ ನೀನು ಬರಿಗೈಯಲ್ಲಿ ಹೋದರೆ ಅವಳಿಗೆ ಅನುಮಾನ ಬರುತ್ತದೆಂದು ನನ್ನ ತಂಗಿಗೆ ಬರೆದಿದ್ದ ಕಾಗದವನ್ನು ಅದರ ಜಾಗದಲ್ಲಿಟ್ಟೆ.

ನೀನು ಬಂದೆ. ಲಕೋಟೆ ತೆಗೆದುಕೊಂಡೆ. ಬಾವುಟ ಇಳಿಸಿದೆ. ಹೋದೆ. ಅವಳು ಎಲ್ಲವನ್ನೂ ನೋಡಿದಳು. ಆ ಸಂಜೆ ಕತ್ತಲಾಗುವವರೆಗೆ ಮುಂಬಾಗಿಲ ಹತ್ತಿರ ಕೋಟು ಹಾಕಿಕೊಂಡು ಕೂತಿದ್ದಳು. ಮರುದಿನವೂ ಕೂತಿದ್ದಳು. ಇಪ್ಪತ್ತೆರಡನೆಯ ದಿನ ಬಸ್ಸಿಗೆ ಬಿಡು ಎಂದಳು. ಬಿಟ್ಟೆ.

ನೀನು ಬಂದರೆ ನಿನ್ನ ಗಂಡ ಆರ್ವೊ ಹಿಂದೆಯೇ ಬಂದುಬಿಡುತ್ತಾನೆ ಎಂಬ ಹೆದರಿಕೆಯಿತ್ತು. ಅವಳು ಬಂದ ದಿನ ಅವಳ ತೋಳು ಹೇಗಿತ್ತೆಂದು ನಾನು ನೋಡಿದ್ದೇನೆ. ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು ಇದನ್ನೇ, ಇದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ನಮ್ಮವರು ಹೋಗಿ ಆಗಲೇ ಆರು ವರ್ಷವಾಗಿತ್ತು. ಮಕ್ಕಳಿಲ್ಲ. ಆ ಇಪ್ಪತ್ತೆರಡು ದಿನ ನಾನು ಇಬ್ಬರಿಗೆ ಅಡುಗೆ ಮಾಡಿದೆ, ಹೆಲ್ಮಿ. ಬೆಳಿಗ್ಗೆ ಎದ್ದರೆ ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮುವ ಸದ್ದು. ನೀನು ಬಂದರೆ ಅದು ಮುಗಿಯುತ್ತದೆ ಎಂದೂ ಅನಿಸಿತ್ತು.

ಚೀಟಿಯನ್ನು ಹರಿಯಲು ಕೈ ಬರಲಿಲ್ಲ. ಇದರೊಳಗಿಟ್ಟಿದ್ದೇನೆ.

ಎಡ್ನಾ

(ಜೊತೆಯಲ್ಲಿದ್ದ ಚೀಟಿ)

ಅಮ್ಮ,
ನಾನಿಲ್ಲೇ ಇದೀನಿ, ಎಡ್ನಾ ಆಂಟಿ ಮನೇಲಿ. ನೀನೊಬ್ಳೇ ಬಾ. ಅಪ್ಪನ್ನ ಕರ್ಕೊಂಡು ಬರ್ಬೇಡ, ಅಪ್ಪಂಗೆ ಹೇಳ್ಬೇಡ. ನೀನೊಬ್ಳೇ ಬಂದ್ರೆ ನಿನ್ ಜೊತೆ ಎಲ್ಲಿಗ್ ಬೇಕಾದ್ರೂ ಬರ್ತೀನಿ.
ಕಾರೀನಾ


ಎಸ್ಕನಾಬ
ಡಿಸೆಂಬರ್ 15, 1986

ಹೆಲ್ಮಿ,

ಕಾಗದ ತಲುಪಿತೇ? ಬೈದು ಬರೆದರೂ ಸರಿ, ಖಾಲಿ ಹಾಳೆ ಕಳಿಸಿದರೂ ಸರಿ. ನೀನು ಇದ್ದೀಯ ಎಂದು ತಿಳಿದರೆ ಸಾಕು.

ಎಡ್ನಾ


ಅಗೇಟ್ ಕ್ರೀಕ್
ಡಿಸೆಂಬರ್ 29, 1986

ಎಡ್ನಾ ಅವರಿಗೆ,

ನಾನು ಬರ್ನೀಸ್, ಹೆಲ್ಮಿಯವರ ಮನೆಗೆ ಕೆಲಸಕ್ಕೆ ಬರುವವಳು. ಬರಿಬೇಡ ಅಂದಿದ್ದಾರೆ, ಆದರೂ ಬರೀತಿದ್ದೀನಿ. ನಿಮ್ಮ ನವೆಂಬರ್ ಕಾಗದ ಬಂದ ದಿನ ಅದರಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಡಬ್ಬಿಯಿಂದ ತಂದುಕೊಟ್ಟು, ಸೂಪು ಬಿಸಿ ಮಾಡಿ ಬಂದಾಗ ಕುರ್ಚಿಯಲ್ಲಿ ಕೂತಿದ್ದರು, ಎದುರಿಗೆ ಅಂಗೈಯಷ್ಟು ಸಣ್ಣ ಚೀಟಿ. ಸೂಪು ಬೇಡ, ಸ್ನಾನ ಬೇಡ. ಆಮೇಲೆ ಜ್ವರ ಬಂತು, ಎದೆಯಲ್ಲಿ ನೀರು ಕಟ್ಟಿತು. ಆಸ್ಪತ್ರೆಗೆ ಬನ್ನಿ ಅಂದರೆ ಡಾಕ್ಟರಿಗೂ ನನಗೂ ಸೇರಿಸಿ ಬೈದರು. ಮನೆಯಲ್ಲೇ ಔಷಧಿ ಆಯ್ತು. ಈಗ ಎದ್ದು ಕೂರುತ್ತಾರೆ.

ಕ್ರಿಸ್ಮಸ್ ದಿನ ನನಗೆ ರಜೆ, ಆದರೂ ಹ್ಯಾಮ್ ತಗೊಂಡು ಬಂದಿದ್ದೆ. ಒಂದೇ ತುಂಡು ತಿಂದು, "ಬರ್ನೀಸ್, ನಿನ್ ಮಕ್ಳಿಗೆ ಯಾವತ್ತಾದ್ರೂ ಹೊಡ್ದಿದೀಯಾ?" ಅಂದರು. ಒಂದೆರಡು ಸಲ ಕುಂಡಿ ಮೇಲೆ ಕೊಟ್ಟಿದ್ದೀನಿ ಅಂದೆ. "ಬೇರೆಯೋರ್ ಹೊಡೀವಾಗ ನೋಡ್ಕೊಂಡ್ ನಿಂತಿದೀಯಾ?" ಅಂದರು. ಗೋಡೆ ಕಡೆ ತಿರುಗಿ ಮಲಗಿಬಿಟ್ಟರು.

ನೀವು ಬರೆಯೋದು ನಿಲ್ಲಿಸಬೇಡಿ. ನಾನು ಇಷ್ಟು ಬರೆದೆ ಅಂತ ಮಾತ್ರ ಹೇಳಬೇಡಿ.

ಬರ್ನೀಸ್


ಅಗೇಟ್ ಕ್ರೀಕ್
ಜನವರಿ 18, 1987

ಎಡ್ನಾ,

ಇದು ಏಳನೆಯ ಹಾಳೆ. ಮೊದಲಿನ ಆರರಲ್ಲೂ ಒಂದೇ ಮಾತು ಬರೆದಿದ್ದೆ: ಆ ಚೀಟಿ ನನ್ನ ಕೈಗೆ ಸಿಕ್ಕಿದ್ದರೆ ನಾನೊಬ್ಬಳೇ ಬರುತ್ತಿದ್ದೆ, ನೀನು ನನ್ನ ಮಗಳನ್ನು ಕಿತ್ತುಕೊಂಡೆ ಎಂದು. ಬರೆಯುತ್ತಿದ್ದೆ, ಓದುತ್ತಿದ್ದೆ, ಹರಿಯುತ್ತಿದ್ದೆ. ಎರಡನೆಯ ಭಾಗ ನಿಜ. ಮೊದಲನೆಯದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ.

ಆರ್ವೊ ಕೈ ಮಾಡುತ್ತಿದ್ದ. ಗಣಿ ಮುಚ್ಚಿದ ಮೇಲೆ ಹೆಚ್ಚಾಯಿತು. ಊರಿನ ಇನ್ನೂರ ಹದಿಮೂರು ಮನೆಗಳಲ್ಲಿ ಯಾರಿಗೆ ಯಾರ ಕಾಗದ ಬರುವುದು ನಿಂತಿತು ಎಂದು ನನಗೆ ಗೊತ್ತಿರುತ್ತಿತ್ತು. ನನ್ನ ಮನೆಯಲ್ಲಿ ಏನು ನಡೆಯುತ್ತಿದೆ ಎಂದೂ ಗೊತ್ತಿತ್ತು. ಅವಳು ಮನೆ ಬಿಡುವ ಹಿಂದಿನ ದಿನ ಅವಳ ತೋಳಿನ ಮೇಲೆ ನಾಲ್ಕು ಬೆರಳೂ ಮೂಡಿದ್ದವು. ನಾನು ಏನು ಮಾಡಿದೆ ಗೊತ್ತೇ? ಉದ್ದ ತೋಳಿನ ಬಿಳಿ ಅಂಗಿ ತೆಗೆದು, ಇಸ್ತ್ರಿ ಮಾಡಿ, "ಇವತ್ತು ಇದನ್ ಹಾಕ್ಕೊಂಡ್ ಹೋಗು, ಚಳಿ ಇದೆ" ಎಂದೆ. ಸೆಪ್ಟೆಂಬರ್ ತಿಂಗಳು. ಚಳಿಯಿರಲಿಲ್ಲ. ಅವಳು ನನ್ನನ್ನು ನೋಡಿದ ನೋಟವನ್ನು ನಾನು ಯಾರಿಗೂ ಹೇಳಿಲ್ಲ.

ಅಂಥವಳು ಚೀಟಿ ಓದಿ ಕಾರು ತಿರುಗಿಸಿ ನಿನ್ನ ಮನೆಗೆ ಬರುತ್ತಿದ್ದಳೇ? ಅಥವಾ ಸಂಜೆ ಊಟದ ಮೇಜಿನ ಮುಂದೆ ಆರ್ವೊ "ಏನ್ ಮುಚ್ಚಿಡ್ತಿದೀಯಾ?" ಎಂದು ಗುಡುಗಿದ ಕೂಡಲೇ ಎಲ್ಲವನ್ನೂ ಹೇಳಿಬಿಡುತ್ತಿದ್ದಳೇ? ಬರುತ್ತಿದ್ದೆ ಎನ್ನಲು ಬಾಯಿ ತೆರೆದರೆ ಆ ಬಿಳಿ ಅಂಗಿ ಕಣ್ಣ ಮುಂದೆ ಬರುತ್ತದೆ.

ಆದರೂ ಅದನ್ನು ತೀರ್ಮಾನಿಸಬೇಕಾದವಳು ನಾನು, ಎಡ್ನಾ. ನೀನಲ್ಲ. ನನಗೆ ಸಿಕ್ಕಿದ್ದ ಒಂದೇ ಒಂದು ಅವಕಾಶ ಅದು. ಅದನ್ನು ನಾನು ಹಾಳು ಮಾಡಿಕೊಳ್ಳುತ್ತಿದ್ದೆನೋ ಏನೋ, ನೀನು ಅದಕ್ಕೂ ಬಿಡಲಿಲ್ಲ.

ಎರಡು ಪ್ರಶ್ನೆ. ನಾನು ಚೀಟಿ ಓದಿಯೂ ಬರಲಿಲ್ಲ ಎಂದೇ ಅವಳು ಈಗಲೂ ತಿಳಿದಿದ್ದಾಳೆಯೇ? ಅವಳ ವಿಳಾಸ ನಿನ್ನ ಹತ್ತಿರ ಇದೆಯೇ?

ಹೆಲ್ಮಿ


ಎಸ್ಕನಾಬ
ಜನವರಿ 26, 1987

ಹೆಲ್ಮಿ,

ಹೌದು, ಹಾಗೇ ತಿಳಿದಿದ್ದಾಳೆ. ವರ್ಷಕ್ಕೊಂದು ಕ್ರಿಸ್ಮಸ್ ಕಾರ್ಡು ಬರುತ್ತದೆ. ಒಂದರಲ್ಲೂ ನಿನ್ನ ಹೆಸರಿಲ್ಲ. ನಾನು ಒಂದು ಸಲವೂ ತಿದ್ದಲಿಲ್ಲ. ತಿದ್ದಿದರೆ ಕಾರ್ಡು ಬರುವುದು ನಿಲ್ಲುತ್ತಿತ್ತು.

ವಿಳಾಸ ಹಿಂಬದಿಯಲ್ಲಿ ಬರೆದಿದ್ದೇನೆ. ಟಕೋಮಾದಲ್ಲಿದ್ದಾಳೆ, ಬೇಕರಿಯಲ್ಲಿ ಕೆಲಸ. ಮದುವೆಯಾಗಿಲ್ಲ. ಅವಳಿಗೆ ಎಲ್ಲವನ್ನೂ ಬರೆ. ಮಾಡಿದ್ದು ನಾನೆಂದು ಹೆಸರು ಹಾಕಿ ಬರೆ.

ಎಡ್ನಾ


ಅಗೇಟ್ ಕ್ರೀಕ್
ಫೆಬ್ರವರಿ 3, 1987

ಕಾರೀನಾ,

ನಾನು ನಿನ್ನ ಅಮ್ಮ. ಅಪ್ಪ ಹೋಗಿ ಆರು ವರ್ಷವಾಯಿತು. ನಿನಗೆ ತಿಳಿಸಲು ವಿಳಾಸವಿರಲಿಲ್ಲ. ನಾನು ಈಗ ಮನೆಯಿಂದ ಹೊರಗೆ ಹೋಗಲಾರೆ, ಉಸಿರಾಟದ ಕಾಯಿಲೆ. ಇದನ್ನು ನಿನ್ನನ್ನು ಕರೆಸಿಕೊಳ್ಳಲು ಬರೆಯುತ್ತಿಲ್ಲ.

ನೀನು ಡಬ್ಬಿಯಲ್ಲಿಟ್ಟ ಚೀಟಿಯನ್ನು ನಾನು ಎರಡು ತಿಂಗಳ ಹಿಂದೆ ಮೊದಲ ಸಲ ಓದಿದೆ. ಆ ದಿನ ನಾನು ತೆಗೆದುಕೊಂಡು ಹೋದದ್ದು ಬೇರೆ ಲಕೋಟೆ. ಅದು ಹೇಗಾಯಿತು ಎಂದು ಕೇಳಬೇಡ. ಇಷ್ಟು ವರ್ಷ ನೀನು ತಿಳಿದಿದ್ದ ಹಾಗೆ ನಾನು ಓದಿ ಸುಮ್ಮನಿದ್ದವಳಲ್ಲ ಎಂದು ಮಾತ್ರ ತಿಳಿದುಕೋ.

ಆದರೆ ಇದನ್ನು ಹೇಳಿ ನಾನು ಒಳ್ಳೆಯವಳಾಗುವುದಿಲ್ಲ. ಅಂದೇ ಓದಿದ್ದರೆ ಒಬ್ಬಳೇ ಬರುತ್ತಿದ್ದೆನೇ ಎಂದು ದಿನವೂ ಕೇಳಿಕೊಳ್ಳುತ್ತೇನೆ. ಗೊತ್ತಿಲ್ಲ. ನಾನು ನಿನ್ನ ಅಪ್ಪನಿಗೆ ಹೆದರುತ್ತಿದ್ದೆ. ಅವನಿಗಿಂತ ಹೆಚ್ಚಾಗಿ, ಊರಿಗೆ ಗೊತ್ತಾದರೆ ಎಂದು ಹೆದರುತ್ತಿದ್ದೆ. ನಿನಗೆ ಉದ್ದ ತೋಳಿನ ಅಂಗಿ ಕೊಟ್ಟು ಶಾಲೆಗೆ ಕಳಿಸಿದೆ. ಆ ಬೆಳಿಗ್ಗೆ ನಾನು ನಿನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟುಬಿಡಬಹುದಿತ್ತು. ಯಾವ ಚೀಟಿಯೂ ಬೇಕಾಗಿರಲಿಲ್ಲ. ನನಗೆ ಬೇಕಾದದ್ದೆಲ್ಲ ನಿನ್ನ ತೋಳಿನ ಮೇಲೇ ಬರೆದಿತ್ತು.

ಉತ್ತರ ಬರೆಯಲೇಬೇಕು ಎಂದಿಲ್ಲ.

ಅಮ್ಮ


ಟಕೋಮಾ, ವಾಷಿಂಗ್ಟನ್
ಮಾರ್ಚ್ 8, 1987

ಅಮ್ಮ,

ನಿನ್ನ ಕಾಗದಕ್ಕಿಂತ ನಾಲ್ಕು ದಿನ ಮೊದಲು ಎಡ್ನಾ ಆಂಟಿಯ ಕಾಗದ ಬಂದಿತ್ತು. ಚೀಟಿ ತೆಗೆದದ್ದು ತಾನೇ ಎಂದು ಬರೆದಿದ್ದರು. ಹಾಗಾಗಿ ನಿನ್ನ ಲಕೋಟೆ ಒಡೆಯುವಾಗ, ಇದರಲ್ಲಿ ಅವರನ್ನು ಬೈದು ನಿನ್ನನ್ನು ನೀನು ತೊಳೆದುಕೊಂಡಿರುತ್ತೀಯ ಎಂದುಕೊಂಡೆ. ಹಾಗೆ ಮಾಡಿದ್ದರೆ ಎರಡು ಕಾಗದವನ್ನೂ ಎಸೆದುಬಿಡುತ್ತಿದ್ದೆ.

ಬರುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ ಎಂದಿದ್ದೀಯ. ಬರುತ್ತಿದ್ದೆ ಎಂದು ಬರೆದಿದ್ದರೆ ನಾನು ನಂಬುತ್ತಿರಲಿಲ್ಲ.

ನಾನು ಅಲ್ಲಿಗೆ ಬರುವುದಿಲ್ಲ. ಆ ಮನೆಯ ಮೆಟ್ಟಿಲು ನನ್ನಿಂದ ಹತ್ತಲಾಗುವುದಿಲ್ಲ, ಅಪ್ಪ ಇಲ್ಲದಿದ್ದರೂ. ಆಮೇಲೆ ಯಾವಾಗಲಾದರೂ ಬರುತ್ತೇನೆ ಎಂದೂ ಹೇಳುವುದಿಲ್ಲ, ನೀನು ದಿನ ಎಣಿಸುತ್ತ ಕೂರುತ್ತೀಯ.

ಮಾತಾಡಿದರೆ ನಿನಗೆ ಉಸಿರು ಸಾಲದು ಎಂದು ಎಡ್ನಾ ಆಂಟಿ ಬರೆದಿದ್ದಾರೆ. ನಾನು ಫೋನ್ ಮಾಡಿದರೆ ನೀನು ಮಾತಾಡಬೇಕಾಗಿಲ್ಲ. ಇಪ್ಪತ್ತೆರಡನೆಯ ತಾರೀಕು, ಭಾನುವಾರ, ನಿಮ್ಮಲ್ಲಿ ಸಂಜೆ ನಾಲ್ಕಕ್ಕೆ ಮಾಡುತ್ತೇನೆ. ಆಮೇಲೆ ನೋಡೋಣ.

ಕಾರೀನಾ


ಅಗೇಟ್ ಕ್ರೀಕ್
ಮಾರ್ಚ್ 24, 1987

ಎಡ್ನಾ,

ನೀನು ಅವಳಿಗೆ ನನಗಿಂತ ಮೊದಲೇ ಬರೆದೆಯಂತೆ. ನನಗೆ ಹೇಳಲಿಲ್ಲ. ನಿನಗೆ ಇನ್ನು ಮುಂದೆ ಟಕೋಮಾದಿಂದ ಕಾರ್ಡು ಬರುತ್ತದೋ ಇಲ್ಲವೋ ನನಗೆ ತಿಳಿಯದು. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಮೂರಕ್ಕೇ ಫೋನಿನ ಪಕ್ಕ ಕೂತೆ. ಬರ್ನೀಸ್ ಶುಕ್ರವಾರವೇ ತಲೆ ಬಾಚಿ ಜಡೆ ಹಾಕಿ ಹೋಗಿದ್ದಳು. "ಫೋನಲ್ಲಿ ತಲೆ ಯಾರಿಗೇ ಕಾಣುತ್ತೆ?" ಎಂದರೆ, "ನಿಮ್ಗ್ ಗೊತ್ತಿರುತ್ತಲ್ಲ, ಸಾಕು" ಎಂದಳು. ನಾಲ್ಕಾಯಿತು. ನಾಲ್ಕೂ ಹತ್ತಾಯಿತು. ಬರುವುದಿಲ್ಲ ಎಂದುಕೊಂಡೆ. ಬಂತು.

"ನಾನು," ಎಂದಳು. ಧ್ವನಿ ದಪ್ಪವಾಗಿದೆ, ಎಡ್ನಾ. ಬೇರೆ ಯಾರೋ ಎಂದುಕೊಂಡೆ.

"ಗೊತ್ತು," ಎಂದೆ.

"ನೀನೇನೂ ಮಾತಾಡ್ಬೇಡ. ನಾನ್ ಹೇಳ್ತೀನಿ." ಆಮೇಲೆ ಅವಳಿಗೇ ಹೇಳಲು ಏನೂ ಹೊಳೆಯಲಿಲ್ಲ. ಬೇಕರಿಯಲ್ಲಿ ಬೆಳಿಗ್ಗೆ ಬೆಣ್ಣೆಯ ರೊಟ್ಟಿ ಸೀದುಹೋಯಿತು ಎಂದಳು. ಕೆಳಗಿನ ಮನೆಯವರು ಸಾಕಿರುವ ಗಿಳಿ ಅಗ್ನಿಶಾಮಕದವರ ಗಂಟೆಯ ಹಾಗೆ ಕೂಗುತ್ತದಂತೆ. ಅವಳಿಗೆ ಈಗ ಕನ್ನಡಕ ಬಂದಿದೆ. ನನ್ನ ಮಗಳಿಗೆ ಕನ್ನಡಕ! ಹನ್ನೆರಡು ನಿಮಿಷ ಮಾತಾಡಿದಳು. ಕೊನೆಯಲ್ಲಿ "ಇದ್ದೀಯಾ?" ಎಂದಳು. "ಇದೀನಿ" ಎಂದೆ. "ಸರಿ" ಎಂದು ಇಟ್ಟಳು. ಮುಂದಿನ ಭಾನುವಾರ ಮಾಡುತ್ತಾಳೋ ಇಲ್ಲವೋ ಹೇಳಲಿಲ್ಲ.

ಫೋನ್ ಇಟ್ಟ ಮೇಲೆ ಈ ಮನೆ ಎಂದೂ ಇಲ್ಲದಷ್ಟು ನಿಶ್ಶಬ್ದವಾಯಿತು. ಗಿಳಿಯ ವಿಷಯ ಯಾರಿಗಾದರೂ ಹೇಳಬೇಕು ಅನಿಸಿತು. ಬುಧವಾರದವರೆಗೆ ಬರ್ನೀಸ್ ಬರುವುದಿಲ್ಲ. ಮಗುವಿಗೆ ಜ್ವರವೆಂದು ನಿನ್ನೆಯೂ ಬರಲಿಲ್ಲ. ಇನ್ನು ಯಾರಿದ್ದಾರೆ ಎಂದು ಯೋಚಿಸಿದೆ. ಕಾರೀನಾ ಹೆಸರು ಹೇಳಿದರೆ ಯಾರ ಮಗಳು, ಹೇಗೆ ನಗುತ್ತಿದ್ದಳು ಎಂದು ಗೊತ್ತಿರುವವರು ಈ ಭೂಮಿಯ ಮೇಲೆ ಇಬ್ಬರೇ ಉಳಿದಿದ್ದೇವೆ. ಒಬ್ಬಳು ನಾನು.

ನಿನ್ನನ್ನು ಕ್ಷಮಿಸಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಅರ್ಥ ಮಾಡಿಕೊಳ್ಳಬೇಡ. ಕ್ಷಮಿಸುತ್ತೇನೋ ಇಲ್ಲವೋ ಅದೂ ಗೊತ್ತಿಲ್ಲ, ಅಷ್ಟು ದಿನ ಇರುತ್ತೇನೋ ಇಲ್ಲವೋ.

ರಸ್ತೆಯ ಹಿಮ ತೆಗೆದಿದ್ದಾರೆ. ಮುಂದಿನ ವಾರ ಗುರುವಾರ ಇಲ್ಲಿ ಯಾರೂ ಇರುವುದಿಲ್ಲ. ನಿನ್ನ ತಂಗಿಯ ಕಾರು ಕೇಳಿಕೊಂಡು ಬಾ. ಬಾಗಿಲು ತಟ್ಟಿ ಹೊರಗೆ ಕಾಯಬೇಡ, ನಾನು ಎದ್ದು ಬರುವಷ್ಟರಲ್ಲಿ ನಿನಗೆ ಚಳಿಯಾಗುತ್ತದೆ. ಚಿಲಕ ಹಾಕಿರುವುದಿಲ್ಲ. ನೀನೊಬ್ಬಳೇ ಬಾ.

ಹೆಲ್ಮಿ